ತವರಿನ ಹೆಂಚು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಹಳೆಯ ಮನೆ ರಿಪೇರಿ ಮಾಡಿಸಿ ನೋಡು ಎಂದು ಯಾಕೆ ಹೇಳಲಿಲ್ಲ ಎಂಬುದು ಈಚೆಗೆ ನನಗೆ ಹೊಳೆಯಿತು. ಅವರ ಕಾಲದಲ್ಲಿ ರಿಪೇರಿ ಎನ್ನುವುದು ಬೇರೆಯಾಗಿ ನಿಂತ ಒಂದು ಕೆಲಸವೇ ಆಗಿರಲಿಲ್ಲ. ಹಪ್ಪಳ ಸಂಡಿಗೆ ಮಾಡಿಟ್ಟ ಹಾಗೆ, ಸೌದೆ ಒಟ್ಟಿದ ಹಾಗೆ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದೂ ವರ್ಷದ ಕೆಲಸಗಳಲ್ಲಿ ಒಂದು. ಒಡೆದ ಹೆಂಚು ತೆಗೆದು ಹೊಸದು ಸೇರಿಸಿ, ಸರಿದದ್ದನ್ನು ಕೂರಿಸಿ, ಬಿದ್ದ ಎಲೆ ಕಸ ಗುಡಿಸಿ ಕೆಳಗಿಳಿದರೆ ಮುಗಿಯಿತು. ಅದಕ್ಕೆ ಯಾರೂ ಸಭೆ ಸೇರುತ್ತಿರಲಿಲ್ಲ. ದುಡ್ಡು ಯಾರದು, ಹಕ್ಕು ಯಾರದು ಎಂಬ ಮಾತೂ ಬರುತ್ತಿರಲಿಲ್ಲ.

ನಾವು ಸಭೆ ಸೇರಿದೆವು. 2022ರ ದೀಪಾವಳಿಯಲ್ಲಿ, ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವ ದಾರಿಯಲ್ಲಿರುವ ನನ್ನ ತವರಿನ ಜಗಲಿಯ ಮೇಲೆ. ಆ ಮಳೆಗಾಲದಲ್ಲಿ ಅಡುಗೆಮನೆಯ ಮಾಡು ಒಂದು ಮೂಲೆಯಲ್ಲಿ ಕುಸಿದಿತ್ತು. ಮನೆಯಲ್ಲಿ ಇರುವವರು ಅತ್ತಿಗೆ ಒಬ್ಬರೇ. ದೊಡ್ಡಣ್ಣ 2016ರಲ್ಲಿ ತೀರಿಕೊಂಡ. ಅವರ ಮಗ ಬೆಂಗಳೂರಿನಲ್ಲಿ, ಸಣ್ಣಣ್ಣನೂ ಬೆಂಗಳೂರಿನಲ್ಲಿ, ನಾನು ಶಿವಮೊಗ್ಗದಲ್ಲಿ. ಮೇಸ್ತ್ರಿ ಬಂದು ನೋಡಿ, ಎಲ್ಲ ಸರಿಯಾಗಿ ಮಾಡಬೇಕೆಂದರೆ ಎಂಟು ಲಕ್ಷವಾದರೂ ಬೇಕು ಎಂದಿದ್ದರು.

ಹಳೆಯ ಮನೆ ಒಂದೇ ದಿನ ಬೀಳುವುದಿಲ್ಲ. ಒಂದು ಹೆಂಚು ಸರಿದು ಒಂದು ಹನಿ ಒಳಗೆ ಬರುತ್ತದೆ. ಆ ಹನಿ ರೀಪಿಗೆ ಇಳಿದು, ರೀಪಿನಿಂದ ಜಂತಿಗೆ ಇಳಿದು, ಜಂತಿ ಗೋಡೆಗೆ ಕೂರುವ ಕಡೆ ನಿಲ್ಲುತ್ತದೆ. ತೇವವಾದ ಮರವನ್ನು ಗೆದ್ದಲು ಹುಡುಕಿಕೊಂಡು ಬರುತ್ತದೆ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಒಂದು ಜಂತಿ ಕೊಳೆಯಲು ಸಾಕಾಗುವಷ್ಟು ಇದೆ. ಮೇಸ್ತ್ರಿ ಇನ್ನೊಂದು ಮಾತು ಹೇಳಿದರು. ಹಿಂದೆ ಇಪ್ಪತ್ತು ಜನಕ್ಕೆ ಅಡುಗೆಯಾಗುವ ಮನೆಯಲ್ಲಿ ಒಲೆಯ ಹೊಗೆ ಹಗಲೂ ರಾತ್ರಿ ಮಾಡಿಗೆ ತಾಗುತ್ತಿತ್ತು, ಮರ ಒಣಗಿರುತ್ತಿತ್ತು, ಹುಳ ಹತ್ತುತ್ತಿರಲಿಲ್ಲ. ಈಗ ಒಬ್ಬರ ಅನ್ನಕ್ಕೆ ಎಷ್ಟು ಹೊಗೆ ಬರುತ್ತದೆ? ಜನ ಇದ್ದ ಮನೆಯನ್ನು ಜನರೇ ಕಾಯುತ್ತಿದ್ದರು, ತಮಗೆ ಗೊತ್ತಿಲ್ಲದ ಹಾಗೆ.

ಸಣ್ಣಣ್ಣ ಲೆಕ್ಕ ಹಾಕಿಕೊಂಡು ಬಂದಿದ್ದ. ಅವನು ನಾಲ್ಕು ಲಕ್ಷ, ಅತ್ತಿಗೆಯ ಮಗ ಎರಡು, ನಾನು ಎರಡು. ಆದರೆ ಒಂದು ಮಾತು ಎಂದ: ಮನೆಯ ಹಳೆಯ ಲಕ್ಷಣ ಹೋಗಬಾರದು. ಅಡುಗೆಮನೆಯ ಒಲೆ, ಹೊಗೆ ಹಿಡಿದು ಕಪ್ಪಾದ ಗೋಡೆ, ಅಂಗಳದ ಆಚೆಯ ಬಚ್ಚಲುಮನೆ, ಅದರ ತಾಮ್ರದ ಹಂಡೆ, ಎಲ್ಲ ಇದ್ದ ಹಾಗೇ ಇರಬೇಕು. ಮುಂದೆ ಬೇಕಾದರೆ ಹೋಂಸ್ಟೇ ಮಾಡಬಹುದು, ಪೇಟೆಯವರು ಇದನ್ನೇ ಹುಡುಕಿಕೊಂಡು ಬರುತ್ತಾರೆ. ಹೋಂಸ್ಟೇ ಮಾತು ನನಗೆ ಹಿಡಿಸಲಿಲ್ಲ. ಉಳಿದದ್ದಕ್ಕೆ ತಲೆಯಾಡಿಸಿದೆ. ಆ ಕಪ್ಪು ಗೋಡೆಗೆ ಒರಗಿ ಕೂತು ನಾನು ಅಮ್ಮನ ಕೈಯಿಂದ ಬಿಸಿ ಕಡುಬು ತಿಂದವಳು. ಅದಕ್ಕೆ ಸುಣ್ಣ ಬಳಿಯುವುದನ್ನು ನೆನೆಯಲೂ ಆಗುತ್ತಿರಲಿಲ್ಲ. ಅತ್ತಿಗೆ ಎಲ್ಲರಿಗೂ ಕಾಫಿ ಕೊಟ್ಟು ಲೋಟ ತೆಗೆದುಕೊಂಡು ಒಳಗೆ ಹೋದರು. ಅವರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆ ರಾತ್ರಿ ನನಗೆ ಎಚ್ಚರವಾಯಿತು. ಬಚ್ಚಲುಮನೆ ಕಡೆ ಹೋಗಬೇಕು. ಹೊರಗೆ ಸಣ್ಣಗೆ ಮಳೆ. ಅತ್ತಿಗೆ ಎದ್ದು ಬ್ಯಾಟರಿ, ಕೊಡೆ ಹಿಡಿದು ಜೊತೆಗೆ ಬಂದರು. ಅಂಗಳದ ಕಲ್ಲಿನ ಮೇಲೆ ಒಂದು ಕಡೆ ನಿಲ್ಲಿಸಿ, "ಇಲ್ಲಿ ನೋಡಿಕೊಂಡು ಕಾಲಿಡು. ಪಾಚಿ ಇದೆ. ಆಷಾಢದಲ್ಲಿ ನಾನು ಇಲ್ಲೇ ಬಿದ್ದದ್ದು" ಎಂದರು.

"ಬಿದ್ದಿರಾ? ಯಾರಿಗೂ ಹೇಳಲೇ ಇಲ್ಲವಲ್ಲ ಅತ್ತಿಗೆ!"

"ಹೇಳಿದರೆ ಮಗ ಬೆಂಗಳೂರಿಗೆ ಬಾ ಅಂತಾನೆ. ಸೊಂಟ ಹಿಡಿದುಕೊಂಡಿತ್ತು. ತೆವಳಿಕೊಂಡು ಜಗಲಿಗೆ ಬಂದು ಬೆಳಗಿನ ತನಕ ಅಲ್ಲೇ ಕೂತಿದ್ದೆ. ಆಮೇಲೆ ಸರಿಹೋಯಿತು ಬಿಡು."

ಅವರು ದೂರುವ ದನಿಯಲ್ಲಿ ಹೇಳಲಿಲ್ಲ. ಬ್ಯಾಟರಿಯ ಬೆಳಕನ್ನು ನನ್ನ ಕಾಲಿನ ಮುಂದೆ ಬಿಡುತ್ತಾ ಹೇಳಿದರು. ಮತ್ತೆ ಮಲಗಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಅಂಗಳ ದಾಟಿ ಬಚ್ಚಲಿಗೆ ಹೋಗುವುದು ನಮಗೆಲ್ಲ ವರ್ಷಕ್ಕೆ ಎರಡು ದಿನದ ಸೊಗಸು. ಅದೇ ಅಂಗಳ ಅವರಿಗೆ ದಿನವೂ ಇದೆ. ಒಲೆಯ ಹೊಗೆ ನಮ್ಮ ನೆನಪಿಗೆ ಪರಿಮಳ, ಅವರ ಕಣ್ಣಿಗೆ ಉರಿ. ನಮ್ಮ ನೆನಪನ್ನು ಕಾಪಾಡುವ ಕೆಲಸವನ್ನು ನಾವು ಅವರಿಗೆ ಒಪ್ಪಿಸಿ ಹೋಗಿದ್ದೆವು. ಸಂಬಳವಿಲ್ಲದ ಕೆಲಸ. ಅದಕ್ಕೆ ಅವರ ಒಪ್ಪಿಗೆಯನ್ನೂ ಪಡೆದಿರಲಿಲ್ಲ.

ಕುಪ್ಪಳಿಯ ಕವಿಮನೆಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಕುವೆಂಪು ಅವರ ಆ ಹಿರಿಮನೆಯನ್ನು ಅಚ್ಚುಕಟ್ಟಾಗಿ ಉಳಿಸಿಕೊಂಡಿದ್ದಾರೆ. ತೊಟ್ಟಿ, ಕಂಬ, ಹಳೆಯ ಪಾತ್ರೆ ಪಡಗ ನೋಡುತ್ತಾ ನಾನು ಪ್ರತಿಸಲವೂ ಮೈಮರೆಯುತ್ತೇನೆ. ಆದರೆ ಅದು ನಾಡಿನ ನೆನಪಿನ ಮನೆ. ಅಲ್ಲಿ ಸಂಜೆ ಯಾರೂ ಅನ್ನಕ್ಕೆ ನೀರಿಡಬೇಕಾಗಿಲ್ಲ, ಯಾರೂ ರಾತ್ರಿ ಎದ್ದು ಅಂಗಳ ದಾಟಬೇಕಾಗಿಲ್ಲ. ಒಬ್ಬ ಹೆಂಗಸು ಬದುಕುತ್ತಿರುವ ಮನೆಯನ್ನು ಹಾಗೆ ಇಡಿ ಎಂದರೆ, ಅವಳನ್ನೂ ವಸ್ತುಸಂಗ್ರಹಾಲಯದ ಒಂದು ಸಾಮಾನು ಮಾಡಿದ ಹಾಗೆ ಆಗುವುದಿಲ್ಲವೇ?

ಅಷ್ಟಕ್ಕೂ ಈ 'ಇದ್ದ ಹಾಗೆ' ಎನ್ನುವುದು ಯಾವಾಗ ಇದ್ದ ಹಾಗೆ? ನಮ್ಮ ಮನೆಯ ಮಾಡಿಗೆ ಮಂಗಳೂರು ಹೆಂಚು ಬಂದದ್ದು ಅಜ್ಜನ ಕಾಲದಲ್ಲಿ. ಅದಕ್ಕೆ ಮುಂಚೆ ಅಡಿಕೆ ಸೋಗೆಯ ಹೊದಿಕೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದೇ 1865ರಲ್ಲಿ. ಘಟ್ಟ ಹತ್ತಿ ಅದು ನಮ್ಮ ಮನೆ ಸೇರುವುದಕ್ಕೆ ಎಷ್ಟೋ ದಶಕ ಹಿಡಿಯಿತು. ಸೋಗೆಯ ಮನೆ ತಂಪಾಗಿತ್ತು, ಈ ಹೆಂಚು ಬಂದು ಬೇಸಿಗೆಯಲ್ಲಿ ಬೇಯುವ ಹಾಗಾಯಿತು ಎಂದು ಅಜ್ಜಿ ಕೊನೆಯವರೆಗೂ ಗೊಣಗುತ್ತಿದ್ದಳಂತೆ. ನಾನು ಪುರಾತನವೆಂದು ಪ್ರೀತಿಸುವ ಹೆಂಚು ಅವಳಿಗೆ ಹೊಸ ಫ್ಯಾಶನ್ನು. ಪ್ರತಿ ತಲೆಮಾರೂ ತನಗೆ ಬೇಕಾದ್ದನ್ನು ಸೇರಿಸಿಕೊಂಡದ್ದರಿಂದಲೇ ಆ ಮನೆ ನನ್ನವರೆಗೆ ಬಂದು ಮುಟ್ಟಿತು. ಇಲ್ಲಿಗೆ ಸಾಕು, ಇನ್ನು ಅಲುಗಾಡಬಾರದು ಎನ್ನುವ ಅಧಿಕಾರ ನನ್ನ ತಲೆಮಾರಿಗೆ ಮಾತ್ರ ಯಾರು ಕೊಟ್ಟರು?

ಶಿವಮೊಗ್ಗಕ್ಕೆ ಬಂದ ಮೇಲೆ ನಮ್ಮ ಯಜಮಾನರು ನ್ಯಾಯವಾದ ಪ್ರಶ್ನೆಯನ್ನೇ ಕೇಳಿದರು: "ಹಕ್ಕಿಲ್ಲದ ಮನೆಗೆ ಎರಡು ಲಕ್ಷ ಯಾವ ಲೆಕ್ಕದಲ್ಲಿ ಕೊಡುತ್ತೀಯ?"

ಹಕ್ಕಿಲ್ಲ ಎಂಬುದು ನಿಜ. ನನ್ನ ಮದುವೆ 1984ರಲ್ಲಿ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದಾಗ ಅದು ಅಷ್ಟರಲ್ಲಾಗಲೇ ಮದುವೆಯಾದವರಿಗೆ ಅನ್ವಯಿಸಲಿಲ್ಲ. 1999ರಲ್ಲಿ ಮನೆಯ ಪಾಲುಪತ್ರ ರಿಜಿಸ್ಟರ್ ಆಯಿತು. ಅಪ್ಪನ ಭಾಗದಲ್ಲಿ ನನಗಿದ್ದ ಅಲ್ಪ ಪಾಲನ್ನೂ ಬಿಟ್ಟು, ಅರಿಸಿನ ಕುಂಕುಮಕ್ಕೆ ಕರೆಯುತ್ತಿದ್ದರೆ ಸಾಕು ಎಂದು ಸಹಿ ಹಾಕಿ ಬಂದೆ. 2005ರಲ್ಲಿ ಕೇಂದ್ರದ ಕಾನೂನು ಮದುವೆಯಾದವರನ್ನೂ ಸೇರಿಸಿಕೊಂಡಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ಪಾಲನ್ನು ಅದು ಮುಟ್ಟಲಿಲ್ಲ. ಆ ಸಹಿಯ ಬಗ್ಗೆ ನನಗೆ ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಕರೆಯುತ್ತಿದ್ದರೆ ಸಾಕು ಎಂಬ ಮಾತನ್ನು ಇಂದಿನ ಹುಡುಗಿಯರು ಹೇಳಬಾರದು ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಈ ದುಡ್ಡು ಏನು? ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಬರುತ್ತದೆ, ಇಲ್ಲಿ ಬರುವುದಿಲ್ಲ. ಆದ್ದರಿಂದ ಇದು ಬಂಡವಾಳವಲ್ಲ. ದಾನ ಎನ್ನಲು ನಾಚಿಕೆ. ಇಪ್ಪತ್ತೆರಡು ವರ್ಷ ಉಂಡು ಮಲಗಿದ ಮನೆಗೆ ಯಾರಾದರೂ ದಾನ ಕೊಡುತ್ತಾರೆಯೇ? ಋಣ ಎನ್ನಬಹುದು. ಆದರೆ ಗೋಡೆಗೆ ಋಣ ತೀರಿಸಲು ಬರುವುದಿಲ್ಲ. ಋಣ ಯಾವಾಗಲೂ ಒಬ್ಬ ಮನುಷ್ಯರ ಕೈಗೆ ಸೇರಬೇಕು. ಅಮ್ಮನ ಕೊನೆಯ ಮೂರು ವರ್ಷ ಹಾಸಿಗೆ ಬದಲಿಸಿದವರು ಅತ್ತಿಗೆ. ಪ್ರತಿ ಸಂಜೆ ಆ ಮನೆಯಲ್ಲಿ ದೀಪ ಹಚ್ಚುವವರು ಅತ್ತಿಗೆ. ತೀರಿಸಬೇಕಾದ ಕೈ ಅದು. ತೀರಿಸುವಾಗ, ನಾನು ಕೊಟ್ಟಿದ್ದೇನೆ, ಆದ್ದರಿಂದ ನನ್ನ ಮಾತು ನಡೆಯಬೇಕು ಎಂದರೆ ಅದು ಋಣ ತೀರಿಸಿದ್ದಾಗದು, ಕೊಂಡುಕೊಂಡದ್ದಾಗುತ್ತದೆ.

ನಾನು ಸಣ್ಣಣ್ಣನಿಗೆ ಫೋನು ಮಾಡಿ, ನನ್ನ ಎರಡು ಲಕ್ಷ ಮೊದಲು ಬಚ್ಚಲಿಗೆ ಎಂದೆ. ನಡುಮನೆಗೆ ಹೊಂದಿಕೊಂಡ ಬಚ್ಚಲು, ಹಿಡಿದುಕೊಳ್ಳಲು ಗೋಡೆಗೆ ಸರಳು. ಉಳಿದದ್ದನ್ನು ಅತ್ತಿಗೆಯನ್ನೇ ಕೇಳು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಕಾಲ ಮುಗಿದ ಮೇಲೆ ಅಲ್ಲಿ ಯಾರಿರುತ್ತಾರೆ? ಆಗ ಇಷ್ಟೂ ದುಡ್ಡು ನೀರಿಗೆ ಹಾಕಿದ ಹಾಗಲ್ಲವೇ?" ಎಂದ. ಅವನ ಮಾತು ತಪ್ಪಲ್ಲ. ಮಗ ವಾಪಸು ಬರುತ್ತಾನೆಂದು ಯಾರೂ ನಂಬಿಲ್ಲ. ಆದರೆ ನಾಳೆ ಮತ್ತೆ ಹಸಿವಾಗುತ್ತದೆಂದು ಇವತ್ತು ಊಟ ಬಿಡುತ್ತೇವೆಯೇ? ಇರುವವರು ಇರುವಷ್ಟು ದಿನ ಮನೆ ಅವರನ್ನು ಕಾಯಬೇಕು. ಹಾಗೆ ನೋಡಿದರೆ ದುಡ್ಡು ಹಾಳಾಗುವುದಿಲ್ಲ, ಖರ್ಚಾಗುತ್ತದೆ, ಅಷ್ಟೆ.

2023ರ ಬೇಸಿಗೆಯಲ್ಲಿ ಕೆಲಸ ನಡೆಯಿತು. ಮಾಡು ಬಿಚ್ಚಿ ಗಟ್ಟಿ ಹೆಂಚುಗಳನ್ನು ಆರಿಸಿ ತೊಳೆದು ಮತ್ತೆ ಹೊದಿಸಿದರು. ಹೊಗೆಯ ಕಾವಲು ಇನ್ನಿಲ್ಲವೆಂದು ಹೊಸ ಜಂತಿಗಳಿಗೆ ಗೇರೆಣ್ಣೆ ಬಳಿದರು. ಮಣ್ಣಿನ ಗೋಡೆಗೆ ಸಿಮೆಂಟು ಬೇಡ, ಒಳಗಿನ ತೇವ ಹೊರಗೆ ಬರಲಾಗದೆ ಗಿಲಾವು ಉಬ್ಬಿ ಉದುರುತ್ತದೆ ಎಂದು ಮೇಸ್ತ್ರಿ ಹಟ ಹಿಡಿದು ಸುಣ್ಣದ ಗಾರೆಯನ್ನೇ ಮಾಡಿಸಿದರು. ಅಡುಗೆಮನೆಗೆ ಕಟ್ಟೆ, ನಲ್ಲಿ, ಗ್ಯಾಸ್ ಒಲೆ ಬಂದವು. ಕಪ್ಪು ಗೋಡೆಯನ್ನು ಕೆರೆದು ಬೆಳ್ಳಗೆ ಮಾಡಿದ್ದಾರೆ. ಕೆರೆಯುವ ದಿನ ನಾನು ಹೋಗಲಿಲ್ಲ.

ಜೂನಿನಲ್ಲಿ ಹೋದಾಗ ಮಳೆ ಹಿಡಿದಿತ್ತು. ಆ ಬೆಳ್ಳನೆಯ ಅಡುಗೆಮನೆಯಲ್ಲಿ ಒಂದು ಕ್ಷಣ ಯಾರದೋ ಮನೆಗೆ ಬಂದ ಹಾಗಾಯಿತು. ಒರಗಿ ಕೂರೋಣವೆಂದರೆ ಗೋಡೆ ತಣ್ಣಗಿತ್ತು. ಅತ್ತಿಗೆ ನಿಂತುಕೊಂಡೇ ದೋಸೆ ಹೊಯ್ಯುತ್ತಿದ್ದರು. ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು. "ಬೇಜಾರಾಯಿತಾ?" ಎಂದರು.

"ಸ್ವಲ್ಪ" ಎಂದೆ.

"ಆಗುತ್ತೆ. ನನಗೂ ಎರಡು ದಿನ ಆಗಿತ್ತು" ಎಂದು ತಟ್ಟೆಗೆ ದೋಸೆ ಹಾಕಿದರು. ಅವರ ಕಣ್ಣು ಕೆಂಪಾಗಿರಲಿಲ್ಲ ಎಂಬುದನ್ನು ಆಗ ಗಮನಿಸಿದೆ. ಅಡುಗೆಮನೆಯಲ್ಲಿ ಅತ್ತಿಗೆಯ ಕಣ್ಣು ಕೆಂಪಾಗಿರದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.