ಆ್ಯಂಡಿಗೆ ನ್ಯಾಯ ಸಿಗಲಿಲ್ಲ

ಅಮೆರಿಕದ ‘ದಿ ಆಫೀಸ್’ ಧಾರಾವಾಹಿಯ ಕೊನೆಯ ಕಂತು ಪ್ರಸಾರವಾದದ್ದು 2013ರ ಮೇ 16ರಂದು. ಅದಾಗಿ ಇಷ್ಟು ವರ್ಷ ಕಳೆದರೂ ಅದರ ಅಭಿಮಾನಿಗಳು ಇಬ್ಬರು ಸೇರಿದರೆ ಸಾಕು, ಮಾತು ತಿರುಗಿ ತಿರುಗಿ ಆ್ಯಂಡಿ ಬರ್ನಾರ್ಡ್‌ನ ಹತ್ತಿರ ಬರುತ್ತದೆ. ‘ಅವನನ್ನು ಹಾಗೆ ಮಾಡಬಾರದಿತ್ತು’ ಅನ್ನುತ್ತಾರೆ ಒಬ್ಬರು. ‘ಮೊದಲಿಂದಲೂ ಅವನು ಹಾಗೇ ಇದ್ದ, ನಿಮಗೆ ಕಾಣಿಸಲಿಲ್ಲ ಅಷ್ಟೆ’ ಅನ್ನುತ್ತಾರೆ ಇನ್ನೊಬ್ಬರು. ಕೆಲಸವಿಲ್ಲದವರ ಹರಟೆ ಇದು ಎಂದು ತಳ್ಳಿಹಾಕುವವರೂ ಉಂಟು. ನನಗೆ ಹಾಗನ್ನಿಸುವುದಿಲ್ಲ. ಏಳು ವರ್ಷ ವಾರವಾರವೂ ಮನೆಗೆ ಬಂದುಹೋದ ಮನುಷ್ಯನಿಗೆ ಆದದ್ದು ಸರಿಯೇ ಎಂದು ಅವರು ಕೇಳುತ್ತಿದ್ದಾರೆ. ಕೇಳುವ ಹಕ್ಕು ಅವರಿಗಿದೆ.

ನೋಡಿಲ್ಲದವರಿಗೆ ಎರಡು ಮಾತು. ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಎಂಬ ಊರು, ಅಲ್ಲಿ ಡಂಡರ್ ಮಿಫ್ಲಿನ್ ಎಂಬ ಕಾಗದ ಮಾರುವ ಕಂಪನಿಯ ಒಂದು ಶಾಖೆ, ಅಲ್ಲಿನ ನೌಕರರ ದಿನದಿನದ ಬದುಕನ್ನು ಸೆರೆಹಿಡಿಯುವ ಒಂದು ಸಾಕ್ಷ್ಯಚಿತ್ರ ತಂಡ. ಇಷ್ಟೇ ಕಥೆ. ಮೂಲ ಬ್ರಿಟನ್ನಿನದು, ರಿಕಿ ಜರ್ವೇಸ್ ಮತ್ತು ಸ್ಟೀಫನ್ ಮರ್ಚೆಂಟ್ ಬಿಬಿಸಿಗಾಗಿ ಮಾಡಿದ್ದು. ಅದನ್ನು ಗ್ರೆಗ್ ಡೇನಿಯಲ್ಸ್ ಅಮೆರಿಕಕ್ಕೆ ಒಗ್ಗಿಸಿ 2005ರ ಮಾರ್ಚ್‌ನಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಶುರುಮಾಡಿದರು. ಬ್ರಿಟನ್ನಿನವರು 14 ಕಂತುಗಳಿಗೆ ಮುಗಿಸಿ ಕೈತೊಳೆದುಕೊಂಡರು. ಅಮೆರಿಕದವರು 201 ಕಂತು ಎಳೆದರು. ಹದಿನಾಲ್ಕು ಕಂತಿನಲ್ಲಿ ಪಾತ್ರಗಳು ಇದ್ದಲ್ಲೇ ಇದ್ದರೂ ನಡೆಯುತ್ತದೆ. ಇನ್ನೂರು ಕಂತಿನಲ್ಲಿ ಅವರಿಗೆ ವಯಸ್ಸಾಗುತ್ತದೆ, ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ಬಡ್ತಿ ಸಿಗುತ್ತದೆ, ಕೈತಪ್ಪುತ್ತದೆ. ಆಗ ನಗಿಸುವುದೊಂದೇ ಸಾಲದು. ಯಾರು ಯಾಕೆ ಹೀಗಾದರು ಎಂಬ ಲೆಕ್ಕವನ್ನು ಬರೆಯುವವರು ಒಪ್ಪಿಸಬೇಕಾಗುತ್ತದೆ.

ಮ್ಯಾನೇಜರ್ ಮೈಕೇಲ್ ಸ್ಕಾಟ್ ಆಗಿದ್ದ ಸ್ಟೀವ್ ಕರೆಲ್ ಏಳನೇ ಸೀಸನ್ನಿನಲ್ಲಿ, 2011ರ ಏಪ್ರಿಲ್‌ನಲ್ಲಿ, ಧಾರಾವಾಹಿ ಬಿಟ್ಟರು. ಬಹಳ ಮಂದಿ ಅಲ್ಲಿಗೇ ನೋಡುವುದನ್ನೂ ಬಿಟ್ಟರು. ಆಮೇಲೆ ಆ ಖಾಲಿ ಕುರ್ಚಿಗೆ ಬಂದವನೇ ಆ್ಯಂಡಿ.

ಅವನ ಹಿಂದಿನ ಕಥೆ ನೆನಪಿಸಿಕೊಳ್ಳಬೇಕು. ಮೂರನೇ ಸೀಸನ್ನಿನಲ್ಲಿ ಇನ್ನೊಂದು ಶಾಖೆಯಿಂದ ಬಂದಾಗ ಅವನು ಯಾರಿಗೂ ಬೇಡದವನಾಗಿದ್ದ. ಮುಖಸ್ತುತಿಯ ಮನುಷ್ಯ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿದವನೆಂದು ಸಿಕ್ಕಸಿಕ್ಕಲ್ಲಿ ಹೇಳಿಕೊಳ್ಳುವವನು. ಸಿಟ್ಟು ಬಂದು ಗೋಡೆಗೆ ಗುದ್ದಿ ತೂತು ಮಾಡಿದ. ಕೋಪ ಕಡಿಮೆ ಮಾಡಿಕೊಳ್ಳುವ ತರಬೇತಿಗೆ ಅವನನ್ನು ಕಳಿಸಿದರು. ವಾಪಸು ಬಂದವನು ಮೆಲ್ಲಮೆಲ್ಲನೆ ಮೆತ್ತಗಾದ. ಮದುವೆಯಾಗಬೇಕೆಂದಿದ್ದ ಏಂಜಲಾ ಸಹೋದ್ಯೋಗಿ ಡ್ವೈಟ್‌ನ ಜೊತೆ ಗುಟ್ಟಾಗಿ ಸಂಬಂಧ ಇಟ್ಟುಕೊಂಡಿದ್ದಾಳೆಂದು ಗೊತ್ತಾದಾಗ ನೋಡುವವರ ಕರುಳು ಅವನ ಕಡೆಗೇ ವಾಲಿತು. ಎಂಟನೇ ಸೀಸನ್ನಿನಲ್ಲಿ ಒಂದು ಕಂತಿದೆ. ಅಪ್ಪ ಅಮ್ಮ ಮೆಚ್ಚಲೆಂದು ಡ್ವೈಟ್‌ನ ತೋಟದಲ್ಲಿ ಔತಣ ಇಡುತ್ತಾನೆ. ಅಲ್ಲಿ ಅವನ ಬಾಲ್ಯದ ಒಂದು ವಿಷಯ ಹೊರಬೀಳುತ್ತದೆ. ಹುಟ್ಟಿದಾಗ ಅವನಿಗಿಟ್ಟದ್ದು ಅಪ್ಪನ ಹೆಸರು, ವಾಲ್ಟರ್. ತಮ್ಮ ಹುಟ್ಟಿದ ಮೇಲೆ ಆ ಹೆಸರಿಗೆ ತಮ್ಮನೇ ತಕ್ಕವನೆಂದು ತೋರಿ, ಅಪ್ಪ ಅಮ್ಮ ಅದನ್ನು ಇವನಿಂದ ಕಿತ್ತು ಅವನಿಗೆ ಕೊಟ್ಟುಬಿಟ್ಟಿದ್ದರು. ನಗುವಿಗೆಂದು ಬರೆದದ್ದೇ ಇರಬಹುದು. ಆದರೆ ಮಗುವಿನ ಹೆಸರನ್ನು ವಾಪಸು ಪಡೆಯುವ ಮನೆಯೊಂದನ್ನು ಕಲ್ಪಿಸಿಕೊಂಡ ಬರಹಗಾರರು ಸಾಮಾನ್ಯರಲ್ಲ. ಆ್ಯಂಡಿ ಯಾಕೆ ಎಲ್ಲರ ಮೆಚ್ಚುಗೆಗೆ ಹಾಗೆ ಹಾತೊರೆಯುತ್ತಾನೆ ಎಂಬ ಪ್ರಶ್ನೆಗೆ ಅದೊಂದರಲ್ಲೇ ಉತ್ತರ ಸಿಕ್ಕಿತು. ಅದೇ ಸೀಸನ್ನಿನಲ್ಲಿ ಅವನು ತಾನು ಮೆಚ್ಚಿದ ಸಹೋದ್ಯೋಗಿ ಎರಿನ್‌ಳನ್ನು ಕರೆತರಲು ಕಾರು ಹತ್ತಿ ಫ್ಲೋರಿಡಾದವರೆಗೂ ಹೋದ.

ಇಂಥವನನ್ನು ಒಂಬತ್ತನೇ ಸೀಸನ್ನು ಏನು ಮಾಡಿತು? ಅಪ್ಪ ಮನೆಯ ಹಣ ಬಾಚಿಕೊಂಡು ಬೇರೊಬ್ಬಳ ಹಿಂದೆ ಹೋದ; ಕುಟುಂಬದ ದೋಣಿ ಮಾರಬೇಕಾಯಿತು. ಅದನ್ನು ತಲುಪಿಸುವ ನೆಪದಲ್ಲಿ ಆ್ಯಂಡಿ ತಮ್ಮನೊಂದಿಗೆ ಸಮುದ್ರಕ್ಕೆ ಹೊರಟ. ಎರಿನ್‌ಳನ್ನು ದಡದಲ್ಲೇ ಬಿಟ್ಟು ಮೂರು ತಿಂಗಳು ಪತ್ತೆಯಿಲ್ಲದವನಾದ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಪಾತ್ರ ಮಾಡುತ್ತಿದ್ದ ಎಡ್ ಹೆಲ್ಮ್ಸ್ ಆಗ ‘ದಿ ಹ್ಯಾಂಗೋವರ್’ನ ಮೂರನೇ ಸಿನಿಮಾದ ಚಿತ್ರೀಕರಣಕ್ಕೆ ಹೋಗಬೇಕಿತ್ತು. ನಟ ಬಿಡುವು ಕೇಳುವುದು, ಕಥೆಗೆ ತೇಪೆ ಹಾಕುವುದು ನಮ್ಮ ಕನ್ನಡ ಧಾರಾವಾಹಿಗಳನ್ನು ನೋಡುವವರಿಗೂ ಹೊಸದಲ್ಲ. ಒಂದು ಸಂಜೆ ಸೊಸೆಯ ಮುಖವೇ ಬದಲಾಗಿರುತ್ತದೆ. ಮನೆಮಂದಿ ಎರಡು ದಿನ ಗೊಣಗಿ ಹೊಂದಿಕೊಳ್ಳುತ್ತಾರೆ.

ಆ್ಯಂಡಿಯ ಗೈರುಹಾಜರಿಯನ್ನೂ ಜನ ಕ್ಷಮಿಸುತ್ತಿದ್ದರು. ಕ್ಷಮಿಸಲಾಗದ್ದು ಅದರ ರೀತಿ. ಅಪ್ಪ ಕೈಬಿಟ್ಟ ಮಗ ದಿಕ್ಕುಗಾಣದೆ ಹೋದ, ದಿನವೂ ಎರಿನ್‌ಗೆ ಬರೆಯುತ್ತಿದ್ದ ಎಂದಿದ್ದರೂ ನಟನಿಗೆ ಅಷ್ಟೇ ಬಿಡುವು ಸಿಗುತ್ತಿತ್ತು. ಬರೆದವರು ಹಾಗೆ ಮಾಡಲಿಲ್ಲ. ಅವಳನ್ನು ಮರೆತವನನ್ನಾಗಿ ಮಾಡಿದರು. ಆ ಹುಡುಗಿ ಯಾರು? ಅಪ್ಪ ಅಮ್ಮನನ್ನು ಕಾಣದೆ ಸಾಕುಮನೆಗಳಲ್ಲಿ ಬೆಳೆದವಳು. ಬಿಟ್ಟುಹೋಗುವುದರ ನೋವು ಆ ಕಚೇರಿಯಲ್ಲಿ ಅವಳಷ್ಟು ಇನ್ನಾರಿಗೂ ಗೊತ್ತಿಲ್ಲ. ಅವಳನ್ನು ಬಿಟ್ಟುಹೋದವನು ಗಡ್ಡ ಬಿಟ್ಟುಕೊಂಡು ವಾಪಸು ಬರುತ್ತಾನೆ, ಏನೂ ಆಗಿಲ್ಲವೆಂಬಂತೆ. ಅಷ್ಟರಲ್ಲಿ ಅವಳ ಮನಸ್ಸು ಪೀಟ್ ಎಂಬ ಹುಡುಗನ ಕಡೆ ತಿರುಗಿದೆ. ಆಗ ಆ್ಯಂಡಿ ಸೇಡಿಗಾಗಿ ಅವರಿಬ್ಬರ ಹಳೆಯ ಪ್ರೇಮಿಗಳನ್ನು ಹುಡುಕಿ ತಂದು ಅದೇ ಕಚೇರಿಗೆ ಸೇರಿಸಿಕೊಳ್ಳುತ್ತಾನೆ. ಫ್ಲೋರಿಡಾಕ್ಕೆ ಕಾರು ಓಡಿಸಿದ್ದವನು ಇವನೇ ಎಂದು ನಂಬುವುದು ಕಷ್ಟ. ಹಳೆಯ ಮುಖಸ್ತುತಿಯ ಆ್ಯಂಡಿಯೇ ಮರಳಿದ್ದಾನೆ ಎಂಬ ವಾದವನ್ನೂ ನಾನು ಒಪ್ಪಲಾರೆ. ಮನುಷ್ಯ ಹಿಂದಕ್ಕೆ ಜಾರುವುದಿದ್ದರೆ ಜಾರಿದ್ದು ನಮ್ಮ ಕಣ್ಣೆದುರು ಆಗಬೇಕಿತ್ತು. ಅದು ಆದದ್ದು ಕ್ಯಾಮೆರಾ ಇಲ್ಲದ ಸಮುದ್ರದಲ್ಲಿ.

ಅದೇ ಸೀಸನ್ನಿನ ಇನ್ನೊಂದು ಕಥೆಯ ವಿಷಯಕ್ಕೂ ಅಭಿಮಾನಿಗಳು ಜಗಳವಾಡುತ್ತಾರೆ. ಅದು ಅದೇ ಕಚೇರಿಯ ಜಿಮ್ ಮತ್ತು ಪ್ಯಾಮ್ ಅವರದು. ಮೊದಲ ಸೀಸನ್ನಿನಿಂದ ಜನ ಕಾದು ಕಾದು ಸೇರಿಸಿದ ಜೋಡಿ. ಕೊನೆಗಾಲದಲ್ಲಿ ಇವರ ಸಂಸಾರದಲ್ಲಿ ಯಾಕೆ ಹುಳಿ ಹಿಂಡಿದಿರಿ ಎಂಬುದು ದೊಡ್ಡ ಆಕ್ಷೇಪ. ಇಲ್ಲಿ ನಾನು ಬರೆದವರ ಪರ.

ಜಿಮ್ ಫಿಲಡೆಲ್ಫಿಯಾದಲ್ಲಿ ಗೆಳೆಯರೊಂದಿಗೆ ಕ್ರೀಡಾ ವ್ಯವಹಾರದ ಕಂಪನಿ ಕಟ್ಟುತ್ತಿದ್ದಾನೆ. ವಾರದ ಅರ್ಧ ಅಲ್ಲಿ, ಅರ್ಧ ಇಲ್ಲಿ. ಎರಡು ಮಕ್ಕಳು, ಮನೆ, ಕೆಲಸ ಎಲ್ಲವೂ ಪ್ಯಾಮ್ ತಲೆಯ ಮೇಲೆ. ಒಂದು ದಿನ ಮಗಳ ನೃತ್ಯ ಕಾರ್ಯಕ್ರಮ. ಅವನಿಗೆ ಬರಲಾಗುವುದಿಲ್ಲ, ಅವಳು ಫೋನಿನಲ್ಲಿ ಚಿತ್ರೀಕರಿಸಬೇಕು. ನೋಡಿದರೆ ಅದು ದಾಖಲಾಗಿಯೇ ಇಲ್ಲ. ಅತ್ತ ಜಿಮ್‌ಗೆ ಅದೇ ದಿನ ಕೈಗೆ ಬಂದಿದ್ದ ಬಂಡವಾಳ ತಪ್ಪಿಹೋಗಿದೆ. ಫೋನಿನಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಹಿನ್ನೆಲೆ ಸಂಗೀತವಿಲ್ಲ, ನಗೆಯ ಮಾತಿಲ್ಲ, ಇಬ್ಬರೂ ಒಂದೇ ಕೋಣೆಯಲ್ಲೂ ಇಲ್ಲ. ಒಂದು ವಿಡಿಯೊಗಾಗಿ ಇಷ್ಟು ಕೂಗಾಡಬೇಕೇ ಅನ್ನಿಸುತ್ತದೆ. ಜಗಳ ವಿಡಿಯೊದ್ದಲ್ಲವೆಂದು ಮರುಗಳಿಗೆ ತಿಳಿಯುತ್ತದೆ. ಫೋನಿಟ್ಟ ಮೇಲೆ ಪ್ಯಾಮ್ ಒಬ್ಬಳೇ ಕೂತು ಅಳುತ್ತಾಳೆ. ಮದುವೆಯಾಗಿ ಕೆಲವು ವರ್ಷ ಕಳೆದ ಯಾರಿಗೂ ಆ ಕಣ್ಣೀರು ಅಪರಿಚಿತವಲ್ಲ. ಪ್ಯಾಮ್ ಆಗಿದ್ದ ಜೆನ್ನಾ ಫಿಶರ್ ಮತ್ತು ಜಿಮ್ ಆಗಿದ್ದ ಜಾನ್ ಕ್ರಸಿನ್ಸ್ಕಿ ಇಬ್ಬರೂ ಒಂಬತ್ತು ವರ್ಷದಲ್ಲಿ ಅದಕ್ಕಿಂತ ಚೆನ್ನಾಗಿ ಅಭಿನಯಿಸಿದ ದೃಶ್ಯ ನನಗೆ ನೆನಪಿಗೆ ಬರುತ್ತಿಲ್ಲ.

ಈ ಜಗಳಕ್ಕೆ ಬೇರು ಹಳೆಯದು. ಕಾಗದ ಮಾರುವುದೇ ತನ್ನ ಬದುಕಾಗಿಬಿಟ್ಟರೆ ಎಂಬ ಭಯ ಜಿಮ್‌ಗೆ ಮೊದಲ ಸೀಸನ್ನಿನಿಂದಲೇ ಇತ್ತು. ಇದ್ದದ್ದನ್ನು ಬಿಟ್ಟು ಹೊಸದಕ್ಕೆ ಕೈಹಾಕಲು ಪ್ಯಾಮ್‌ಗೆ ಯಾವತ್ತೂ ಅಳುಕು. ಇಬ್ಬರ ಸ್ವಭಾವವೂ ಒಂದಲ್ಲ ಒಂದು ದಿನ ಡಿಕ್ಕಿ ಹೊಡೆಯಲೇಬೇಕಿತ್ತು. ಸರಿಹೋದದ್ದೂ ಹಾಗೆಯೇ, ಅವರ ಹಳೆಯ ಸಾಮಾನುಗಳಿಂದಲೇ. ಎರಡನೇ ಸೀಸನ್ನಿನ ಕ್ರಿಸ್‌ಮಸ್‌ನಲ್ಲಿ ಜಿಮ್ ಪ್ಯಾಮ್‌ಗೆ ಒಂದು ಚಹಾದ ಕುಡಿಕೆ ಕೊಟ್ಟಿದ್ದ. ಅದರೊಳಗೆ ಇಟ್ಟಿದ್ದ ಕಾಗದವನ್ನು ಮಾತ್ರ ಕೊನೆಯ ಗಳಿಗೆಯಲ್ಲಿ ಜೇಬಿಗೆ ಸೇರಿಸಿದ್ದ. ಏಳು ವರ್ಷ ಕಳೆದ ಮೇಲೆ ಆ ಕಾಗದ ಅವಳ ಕೈಸೇರುತ್ತದೆ. ಅದರಲ್ಲಿ ಏನು ಬರೆದಿತ್ತೆಂದು ನಮಗೆ ತೋರಿಸುವುದಿಲ್ಲ, ತೋರಿಸದ್ದೇ ಸರಿ. ಕೊನೆಗೆ ಅವನಿಗೆ ಹೇಳದೆ ಮನೆ ಮಾರಾಟಕ್ಕಿಟ್ಟು, ಹೊರಡೋಣ ಎಂದವಳು ಆ ಅಳುಕಿನ ಪ್ಯಾಮ್. ಸಾಕ್ಷ್ಯಚಿತ್ರ ತಂಡದ ಬ್ರಯನ್ ಎಂಬವನನ್ನು ಇವರಿಬ್ಬರ ನಡುವೆ ತಂದು, ನಾಲ್ಕಾರು ಕಂತುಗಳಲ್ಲಿ ಮರೆಯಾಗಿಸಿದ್ದು ಮಾತ್ರ ವ್ಯರ್ಥ. ಆ ವಿಷಯದಲ್ಲಿ ಅಭಿಮಾನಿಗಳ ದೂರು ನ್ಯಾಯವಾದದ್ದೇ.

ಡ್ವೈಟ್ ಮತ್ತು ಏಂಜಲಾ ವಿಷಯದಲ್ಲಿ ಜಗಳವೇ ಇಲ್ಲ. ಮೊದಲ ಕಂತಿನಿಂದ ಮ್ಯಾನೇಜರ್ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದವನಿಗೆ ಕುರ್ಚಿ ಸಿಕ್ಕಿತು, ಗಂಡನನ್ನೂ ಮನೆಯನ್ನೂ ಕಳೆದುಕೊಂಡು ಸೊಕ್ಕು ಇಳಿದವಳಿಗೆ ಅವನು ಸಿಕ್ಕ. ಮದುವೆಗೆ ಮೈಕೇಲ್ ಬಂದು ಅವನ ಪಕ್ಕ ನಿಂತ.

ಧಾರಾವಾಹಿ ಮುಗಿದ ಮೇಲೂ ಜನ ಅದನ್ನು ನೋಡುವುದು ಬಿಡಲಿಲ್ಲ. ವೀಕ್ಷಣೆಯನ್ನು ಅಳೆಯುವ ನೀಲ್ಸನ್ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಅಮೆರಿಕದ ಜನ ಆನ್‌ಲೈನ್ ವೇದಿಕೆಯಲ್ಲಿ ಈ ಧಾರಾವಾಹಿ ನೋಡಿದ್ದು 5,700 ಕೋಟಿ ನಿಮಿಷ. ಆ ವರ್ಷ ಅದಕ್ಕಿಂತ ಹೆಚ್ಚು ನೋಡಿದ ಕಾರ್ಯಕ್ರಮ ಇನ್ನೊಂದಿರಲಿಲ್ಲ. ಜೆನ್ನಾ ಫಿಶರ್ ಮತ್ತು ಏಂಜಲಾ ಪಾತ್ರದ ಏಂಜಲಾ ಕಿನ್ಸೆ 2019ರಲ್ಲಿ ಒಂದು ಪಾಡ್‌ಕಾಸ್ಟ್ ಶುರುಮಾಡಿ ಒಂದೊಂದೇ ಕಂತನ್ನು ಬಿಡಿಸಿ ಮಾತಾಡಿದರು. ಹೀಗೆ ಮತ್ತೆ ಮತ್ತೆ ನೋಡುವಾಗ ಆ್ಯಂಡಿಗಾದ ಅನ್ಯಾಯ ಇನ್ನಷ್ಟು ಎದ್ದುಕಾಣುತ್ತದೆ. ಮೊದಲ ಸಲ ಪ್ರಸಾರವಾದಾಗ ಅವನು ಫ್ಲೋರಿಡಾಕ್ಕೆ ಹೋದದ್ದಕ್ಕೂ ಗಡ್ಡದೊಂದಿಗೆ ವಾಪಸಾದದ್ದಕ್ಕೂ ನಡುವೆ ಎಷ್ಟೋ ತಿಂಗಳಿದ್ದವು. ಈಗ ಎರಡನ್ನೂ ಒಂದೇ ವಾರದಲ್ಲಿ ನೋಡಿ ಮುಗಿಸುತ್ತೇವೆ. ಎರಡು ಬೇರೆ ಬೇರೆ ಮನುಷ್ಯರನ್ನು ನೋಡಿದಂತಾಗುತ್ತದೆ.

ಕೊನೆಯ ಕಂತಿನಲ್ಲಿ ಬರೆದವರು ಅವನಿಗೆ ಏನೋ ಕೊಡಲು ನೋಡಿದ್ದಾರೆ. ಹಾಡಿನ ಸ್ಪರ್ಧೆಯಲ್ಲಿ ಅವಮಾನವಾಗಿ, ಅತ್ತ ವಿಡಿಯೊ ಊರೆಲ್ಲ ಹರಿದಾಡಿ ನಗೆಪಾಟಲಾದವನಿಗೆ ಕಾರ್ನೆಲ್‌ನಲ್ಲೇ ಕೆಲಸ ಸಿಗುತ್ತದೆ. ಒಳ್ಳೆಯ ದಿನಗಳಲ್ಲಿ ಇರುವಾಗಲೇ ಅವು ಒಳ್ಳೆಯ ದಿನಗಳೆಂದು ತಿಳಿಯುವಂತಿದ್ದರೆ ಎಂದು ಅವನು ಹೇಳುವ ಮಾತು ಇಡೀ ಧಾರಾವಾಹಿಯಲ್ಲೇ ಜನ ಅತಿ ಹೆಚ್ಚು ನೆನೆಯುವ ಮಾತುಗಳಲ್ಲೊಂದು. ಅದನ್ನು ಹೇಳುವಾಗ ಎಡ್ ಹೆಲ್ಮ್ಸ್ ಮುಖದಲ್ಲಿ ಹಳೆಯ ಆ್ಯಂಡಿ ಕಾಣಿಸುತ್ತಾನೆ. ಆದರೆ ಒಂದು ಮಾತಿನಿಂದ ಒಂದು ಸೀಸನ್ನಿನ ನಷ್ಟ ತುಂಬುವುದಿಲ್ಲ.

ಮೈಕೇಲ್ ಹೋದಲ್ಲಿಗೆ ನೋಡುವುದನ್ನು ನಿಲ್ಲಿಸಿದವರಿಗೆ ಒಂದು ಮನವಿ. ಎಂಟನೇ ಸೀಸನ್ನಿನಲ್ಲಿ ತೋಟದ ಔತಣದ ಆ ಒಂದು ಕಂತನ್ನಾದರೂ ನೋಡಿ, ಒಂಬತ್ತನೆಯದನ್ನು ಪೂರ್ತಿ ನೋಡಿ. ಜಿಮ್ ಮತ್ತು ಪ್ಯಾಮ್‌ಗಾಗಿ ನೋಡಿ. ನಡುವೆ ಆ್ಯಂಡಿಯ ಮೇಲೆ ಸಿಟ್ಟು ಬರುತ್ತದೆ. ಬಂದಾಗ ಅದನ್ನು ಅವನ ಮೇಲೆ ಹಾಕಬೇಡಿ, ಅವನನ್ನು ಬರೆದವರ ಮೇಲೆ ಹಾಕಿ.