ಬೇಲಿಯೂ ಮರೆಯೂ

ಪುರಸಭೆಗಳ ನಿಬಂಧನೆಗಳನ್ನು ನೀತಿಶಾಸ್ತ್ರದ ಗ್ರಂಥವೆಂದು ಭಾವಿಸಿ ಯಾರೂ ಓದುವುದಿಲ್ಲ. ಚರಂಡಿಯ ಅಗಲವೆಷ್ಟು, ಮಾಳಿಗೆಯ ಎತ್ತರವೆಷ್ಟು, ಬೀದಿಯಿಂದ ಮನೆಯು ಎಷ್ಟು ಅಡಿ ಹಿಂದಕ್ಕಿರಬೇಕು ಎಂಬಂತಹ ವಿಷಯಗಳೇ ಅವುಗಳಲ್ಲಿ ತುಂಬಿರುತ್ತವೆ. ಆದರೂ ಒಂದು ಸಮಾಜವು ಯಾರನ್ನು ಗಣನೆಗೆ ತಂದುಕೊಂಡಿದೆ, ಯಾರನ್ನು ಮರೆತಿದೆ ಎಂಬುದನ್ನು ತಿಳಿಯುವುದಕ್ಕೆ ಇಂತಹ ಶುಷ್ಕಪುಸ್ತಕಗಳೇ ಒಮ್ಮೊಮ್ಮೆ ಕಾವ್ಯಗಳಿಗಿಂತ ನಂಬಿಕೆಗೆ ಯೋಗ್ಯವಾದ ಸಾಕ್ಷಿಗಳು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪಟ್ಟಣಗಳು ಬೇಲಿಯ ವಿಷಯದಲ್ಲಿ ಮಾಡಿಕೊಂಡಿರುವ ನಿಯಮಗಳನ್ನು ಓದಿದಾಗ ಹಾಗೆ ತೋರಿತು.

ಊರಿಂದೂರಿಗೆ ಅಂಕಿಗಳು ಬೇರೆಯಾದರೂ ಕ್ರಮವು ಬಹುಮಟ್ಟಿಗೆ ಒಂದೇ. ವಾಸದ ಮನೆಯ ಮುಂದಣ ಬೇಲಿಯು ಸಾಮಾನ್ಯವಾಗಿ ಮೂರು ನಾಲ್ಕು ಅಡಿಗಳನ್ನು ಮೀರಕೂಡದು. ಅಲ್ಲಿ ಮುಳ್ಳುತಂತಿಯು ಸಲ್ಲದು. ಕೈಗಾರಿಕೆಗೆಂದು ಗುರುತಿಸಿದ ವಲಯದಲ್ಲಾದರೋ ಬೇಲಿಯು ಆರೆಂಟು ಅಡಿ ಏಳಬಹುದು; ಆಳೆತ್ತರದ ಮೇಲೆ ಮುಳ್ಳುತಂತಿಯನ್ನೂ ಬಿಗಿಯಬಹುದು. ಬಯಲಿನಲ್ಲಿ ಸರಕನ್ನು ರಾಶಿ ಹಾಕತಕ್ಕವನು ಕಿಂಡಿಯಿಲ್ಲದ ಮರೆಯನ್ನು ಕಟ್ಟಬೇಕು. ರಾಶಿಯು ಆ ಮರೆಯ ತಲೆಯನ್ನು ಮೀರಿ ಇಣುಕಬಾರದು. ಬೀದಿಯ ಮೂಲೆಗಳಲ್ಲಿ ಮಾತ್ರ ಬಂಡಿ ಹೊಡೆಯುವವರಿಗೆ ಎದುರಿನದು ಕಾಣಲೆಂದು ಎಲ್ಲ ಬೇಲಿಗಳೂ ತಗ್ಗಬೇಕು. ಈ ಕಡೆಯ ನಿಯಮದಲ್ಲಿ ವಿವಾದಕ್ಕೆ ಆಸ್ಪದವಿಲ್ಲ. ಉಳಿದವುಗಳಲ್ಲಿ ಇದೆ.

ನಮ್ಮ ಮಲೆನಾಡಿನ ಬೇಲಿಯನ್ನು ಒಮ್ಮೆ ನೆನೆದುಕೊಳ್ಳೋಣ. ಕಳ್ಳಿಯದಾಗಲಿ, ಕತ್ತಾಳೆಯದಾಗಲಿ, ಅದು ಗದ್ದೆ ತೋಟಗಳನ್ನು ದನಕರುಗಳಿಂದ ಕಾಯುತ್ತದೆ. ಒಳಗಿರುವುದು ಕಾಪಾಡಬೇಕಾದ ವಸ್ತು. ಹೊರಗಿನಿಂದ ಬರತಕ್ಕದ್ದು ಅಪಾಯ. ಮನುಷ್ಯನ ಮಟ್ಟಿಗೆ ಆ ಬೇಲಿಗೆ ತಡಬೆಯೂ ಉಂಟು, ಉಣುಗೋಲೂ ಉಂಟು. ಬೇಲಿಯೇ ಎದ್ದು ಹೊಲ ಮೇಯುವ ಗಾದೆಯು ಹುಟ್ಟಿದ್ದು ಈ ಬೇಲಿಯನ್ನು ಕಂಡು. ಕಾರ್ಖಾನೆಯ ಬೇಲಿಯಾದರೋ ಈ ಸಂಬಂಧವನ್ನು ತಿರುವುಮುರುವು ಮಾಡಿದೆ. ಅಪಾಯವು ಒಳಗಿದೆ, ಕಾಪಾಡಬೇಕಾದವರು ಹೊರಗಿದ್ದಾರೆ. ಹೀಗಿದ್ದರೂ ಬೇಲಿಯ ಒಡೆಯನು ಇಂದಿಗೂ ಹೊಲದ ಒಡೆಯನ ಭಾಷೆಯನ್ನೇ ಆಡುತ್ತಾನೆ: ಇದು ನನ್ನ ಸ್ವತ್ತು, ಒಳಗೆ ಬರಬೇಡಿ.

ಈ ಭಾಷೆಯು ನ್ಯಾಯಾಸ್ಥಾನದಲ್ಲಿ ಎಷ್ಟು ಕಾಲ ನಡೆಯಿತೆಂಬುದಕ್ಕೆ ಇಂಗ್ಲೆಂಡಿನ ಪ್ರಭುಸಭೆಯ ಎರಡು ತೀರ್ಪುಗಳಿವೆ. 1929ರಲ್ಲಿ ಅದರ ಮುಂದೆ ಬಂದ ವ್ಯಾಜ್ಯವು ಸ್ಕಾಟ್ಲೆಂಡಿನ ಒಂದು ಕಲ್ಲಿದ್ದಲ ಗಣಿಯದು. ಗಣಿಯ ಬಯಲಿನ ಸುತ್ತಣ ಜೀವಂತ ಬೇಲಿಯು ಅಲ್ಲಲ್ಲಿ ಹರಿದುಹೋಗಿತ್ತು. ಜನರು ಅಡ್ಡದಾರಿಯಾಗಿಯೂ ಮಕ್ಕಳು ಆಟದ ಬಯಲಾಗಿಯೂ ಅದನ್ನು ಬಳಸುತ್ತಿದ್ದರು. ನಾಲ್ಕು ವರ್ಷದ ಮಗುವೊಂದು ಅಲ್ಲಿಯ ಯಂತ್ರದ ಚಕ್ರಕ್ಕೆ ಸಿಕ್ಕಿ ಸತ್ತಿತು. ಮಗುವು ಅತಿಕ್ರಮವಾಗಿ ಪ್ರವೇಶಿಸಿದ್ದು. ಬೇಕೆಂದು ಕೇಡು ಮಾಡದಿರುವುದರ ಹೊರತು ಗಣಿಯವರಿಗೆ ಬೇರೆ ಹೊಣೆಯಿಲ್ಲವೆಂದು ಸಭೆಯು ನಿರ್ಣಯಿಸಿತು. ನಾಲ್ಕು ವರ್ಷದ ಮಗುವನ್ನು ಅತಿಕ್ರಮಿಯೆಂದು ಕರೆಯುವುದಕ್ಕೆ ಕಾನೂನಿನ ನಾಲಗೆಯೇ ಬೇಕು. ಸಾಮಾನ್ಯ ಮನುಷ್ಯನ ನಾಲಗೆಯು ಅಲ್ಲಿ ತೊದಲುತ್ತದೆ. ಎರಡನೆಯದು ರೈಲುದಾರಿಯ ವ್ಯಾಜ್ಯ. 1965ರಲ್ಲಿ ಆರು ವರ್ಷದ ಹುಡುಗನೊಬ್ಬನು ತುಳಿದು ತಗ್ಗಿದ್ದ ಬೇಲಿಯನ್ನು ದಾಟಿ ಹೋಗಿ ವಿದ್ಯುತ್ತು ಹರಿಯುವ ಹಳಿಯನ್ನು ಮುಟ್ಟಿ ಸುಟ್ಟುಕೊಂಡನು. ಆ ಎಡೆಯಲ್ಲಿ ಮಕ್ಕಳು ಓಡಾಡುತ್ತಿದ್ದುದು ರೈಲ್ವೆಯವರಿಗೆ ಮೊದಲೇ ತಿಳಿದಿತ್ತು. 1972ರಲ್ಲಿ ಅದೇ ಪ್ರಭುಸಭೆಯು ತನ್ನ ಹಳೆಯ ಮಾತನ್ನು ಬಿಟ್ಟು, ಕೇವಲ ಮನುಷ್ಯತ್ವದ ದೃಷ್ಟಿಯಿಂದಲೇ ಒಡೆಯನಿಗೆ ಒಂದು ಹೊಣೆಯುಂಟೆಂದು ಹೇಳಿ ಹುಡುಗನ ಪರವಾಗಿ ತೀರ್ಪಿತ್ತಿತು. ಆ ಹೊಣೆಯನ್ನು ಪಾರ್ಲಿಮೆಂಟು ಶಾಸನವಾಗಿ ಬರೆದದ್ದು 1984ರಲ್ಲಿ. ಮುರಿದ ಬೇಲಿಯು ದಾಟಿದವನ ತಪ್ಪಿಗೆ ಸಾಕ್ಷಿಯಲ್ಲ, ಕಟ್ಟಿದವನ ಉಪೇಕ್ಷೆಗೆ ಸಾಕ್ಷಿ ಎಂದು ಒಪ್ಪುವುದಕ್ಕೆ ಇಷ್ಟು ಕಾಲ ಹಿಡಿಯಿತು.

ಕಾಲು ದಾಟುವ ಮಾತು ಇಷ್ಟು. ಕಣ್ಣು ದಾಟುವ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಕಿಂಡಿಯಿಲ್ಲದ ಮರೆಯನ್ನು ಕಟ್ಟಬೇಕೆಂಬ ನಿಯಮವು ಕಳ್ಳನಿಗಾಗಿ ಹುಟ್ಟಿದುದಲ್ಲ, ನೋಡುವವನಿಗಾಗಿ ಹುಟ್ಟಿದುದು. 1965ರ ಅಕ್ಟೋಬರ್ 22ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನರು ಹೆದ್ದಾರಿಗಳ ಅಂದವನ್ನು ಕಾಯುವ ಶಾಸನಕ್ಕೆ ಸಹಿ ಮಾಡಿದರು. ಅದರಂತೆ ಮುಖ್ಯ ಹೆದ್ದಾರಿಗಳ ಅಂಚಿನಿಂದ 1,000 ಅಡಿಗಳೊಳಗಿರುವ ಗುಜರಿ ಅಂಗಳಗಳನ್ನು ಗಿಡಗಳಿಂದಲೋ ಬೇಲಿಯಿಂದಲೋ ಮರೆಮಾಡಬೇಕು, ಇಲ್ಲವೆ ಕಣ್ಣಿಗೆ ಬೀಳದಂತೆ ತೆಗೆಯಬೇಕು. ಆದರೆ ಕೈಗಾರಿಕಾ ವಲಯದೊಳಗಣ ಗುಜರಿಗೆ ಇದರಿಂದ ವಿನಾಯಿತಿಯುಂಟು.

ಅಂದವನ್ನು ಬಯಸುವುದು ತಪ್ಪಲ್ಲ. ನಮ್ಮ ಮನೆಗಳಲ್ಲಿಯೂ ಬಚ್ಚಲು, ಕೊಟ್ಟಿಗೆಗಳು ಹಿತ್ತಲಿಗೆ ಸೇರಿರುತ್ತವೆ. ಅದನ್ನು ಕಪಟವೆಂದು ಯಾರೂ ಕರೆಯರು. ಆದರೆ ಹಿತ್ತಲಿನಲ್ಲಿರುವುದು ನಮ್ಮದೇ ಎಂಬುದನ್ನು ನಾವು ಮರೆತಿಲ್ಲ. ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಯೇ ತೀರಬೇಕು. ಹೆದ್ದಾರಿಯಲ್ಲಿ ಹೋಗುವ ಮೋಟಾರಿನ ಯಜಮಾನನಿಗೆ ಆ ನಿರ್ಬಂಧವಿಲ್ಲ. ಬೇಲಿಯ ಹಿಂದೆ ತುಕ್ಕು ಹಿಡಿಯುತ್ತ ಬಿದ್ದಿರುವುದು ಅವನೇ ಮಾರಿದ ಹಿಂದಿನ ಮೋಟಾರು. ಮರೆಯು ಅದನ್ನು ಅವನ ಕಣ್ಣಿನಿಂದ ಮಾತ್ರವಲ್ಲ, ಲೆಕ್ಕದಿಂದಲೂ ತೆಗೆದುಹಾಕುತ್ತದೆ. ಕೈಗಾರಿಕಾ ವಲಯದ ಪಕ್ಕದಲ್ಲಿಯೇ, ಅಗ್ಗದ ಬಾಡಿಗೆಗೆ ವಾಸಿಸುವವನು ಅದೇ ರಾಶಿಯನ್ನು ಹಗಲಿರುಳೂ ನೋಡುತ್ತಾನೆ. ವಿನಾಯಿತಿಯ ಭಾರವೆಲ್ಲ ಅವನ ಪಾಲಿಗೆ. ಗಳಿಗೆಯ ಹೊತ್ತು ಹಾದುಹೋಗುವವನ ಕಣ್ಣಿಗೆ ಶಾಸನದ ರಕ್ಷೆಯಿದೆ, ಅಲ್ಲಿಯೇ ಬಾಳುವವನ ಕಣ್ಣಿಗೆ ಆ ಶಾಸನದಲ್ಲಿ ಎಡೆಯಿಲ್ಲ.

ವಲಯಗಳ ವಿಭಾಗದ ಮೂಲದಲ್ಲಿಯೇ ಈ ದೋಷದ ಬೀಜವಿದ್ದಂತೆ ತೋರುತ್ತದೆ. ಕ್ಲೀವ್‌ಲೆಂಡಿನ ಪಕ್ಕದ ಯೂಕ್ಲಿಡ್ ಎಂಬ ಗ್ರಾಮವು 1922ರಲ್ಲಿ ತನ್ನ ನೆಲವನ್ನು ವಲಯಗಳಾಗಿ ವಿಂಗಡಿಸಿತು. 68 ಎಕರೆಯ ಒಡೆಯರಾದ ಒಂದು ಭೂವ್ಯಾಪಾರದ ಕಂಪೆನಿಯವರು, ಕಾರ್ಖಾನೆಗಾದರೆ ಎಕರೆಗೆ 10,000 ಡಾಲರು ಬರತಕ್ಕ ನೆಲವು ವಾಸದ ಮನೆಗಳಿಗೆ ಮೀಸಲಾದರೆ 2,500 ಡಾಲರಿಗೆ ಇಳಿಯುತ್ತದೆಂದು ದೂರಿದರು. 1926ರ ನವೆಂಬರಿನಲ್ಲಿ ಪರಮೋಚ್ಚ ನ್ಯಾಯಾಸ್ಥಾನವು ಗ್ರಾಮದ ಪರವಾಗಿ ತೀರ್ಪಿತ್ತಿತು. ನ್ಯಾಯಮೂರ್ತಿ ಸದರ್ಲೆಂಡರು ಅಲ್ಲಿ ಕೊಟ್ಟ ಹೋಲಿಕೆಯು ಪ್ರಸಿದ್ಧವಾಗಿದೆ: ದೊಡ್ಡಿಯಲ್ಲಿ ಸರಿಯಾಗಿರುವ ಹಂದಿಯು ದಿವಾನಖಾನೆಗೆ ಬಂದರೆ ಉಪದ್ರವ. ಹೋಲಿಕೆಯು ಚೆನ್ನಾಗಿದೆ. ಆದರೆ ದೊಡ್ಡಿಯ ಮಗ್ಗುಲಲ್ಲಿ ಯಾರ ಮನೆಯಿದೆಯೆಂದು ಅದು ಕೇಳಲಿಲ್ಲ. ಅದೇ ತೀರ್ಪು ಬಾಡಿಗೆಯ ಬಹುಮಹಡಿ ಮನೆಗಳನ್ನೂ ಒಂಟಿಮನೆಗಳ ಬೀದಿಯ ಮೇಲೆ ಬೆಳೆಯುವ ಬದನಿಕೆಯಂತೆ ಚಿತ್ರಿಸಿತೆಂಬುದನ್ನು ಗಮನಿಸಿದರೆ, ವಸ್ತುಗಳನ್ನು ವಿಂಗಡಿಸುವ ನೆಪದಲ್ಲಿ ಮನುಷ್ಯರನ್ನು ವಿಂಗಡಿಸಿದರೆಂಬ ಶಂಕೆಯು ಬಲವಾಗುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಮರೆಯನ್ನೆಲ್ಲ ಕಿತ್ತು ಬಲೆತಂತಿಯ ಬೇಲಿಗಳನ್ನು ಹಾಕಿದರೆ ಧರ್ಮವು ನೆಲೆಗೊಳ್ಳುವುದೋ? ಇಲ್ಲ. ಕಾಣುವುದು ಬೇರೆ, ತಿಳಿಯುವುದು ಬೇರೆ. ಭೋಪಾಲದಲ್ಲಿ 1984ರ ಡಿಸೆಂಬರ್ 2-3ರ ರಾತ್ರಿ ವಿಷಾನಿಲವು ಹೊರಬಿದ್ದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯು ಊರಿಗೆ ಕಾಣದ ವಸ್ತುವೇನೂ ಆಗಿರಲಿಲ್ಲ. ಅದರ ಎದುರಿಗೇ ಜಯಪ್ರಕಾಶನಗರವೆಂಬ ಬಡವರ ಕೇರಿಯಿತ್ತು. ಅಲ್ಲಿಯವರು ಕೊಳವೆಗಳನ್ನೂ ಗೋಪುರಗಳನ್ನೂ ದಿನವೂ ನೋಡುತ್ತಿದ್ದರು. ಒಳಗೆ ಏನಿದೆ, ಅದು ಹೊರಬಂದರೆ ಏನು ಮಾಡಬೇಕು ಎಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಗಾಳಿಗೆ ಯಾವ ಗೋಡೆಯೂ ಅಡ್ಡವಲ್ಲ. ಮಾತಿಗೆ ಮಾತ್ರ ಅದು ಅಡ್ಡವಾಗಿತ್ತು.

ಈ ದುರಂತದ ತರುವಾಯ ನಮ್ಮ ದೇಶವು ಎರಡು ಕೆಲಸಗಳನ್ನು ಮಾಡಿತು. 1985ರ ಡಿಸೆಂಬರಿನಲ್ಲಿ ದೆಹಲಿಯ ಒಂದು ಕಾರ್ಖಾನೆಯಿಂದ ಓಲಿಯಂ ಅನಿಲವು ಸೋರಿದ ಪ್ರಕರಣದಲ್ಲಿ, ಅಪಾಯಕರವಾದ ಉದ್ಯೋಗವನ್ನು ನಡೆಸುವವನು ಯಾವ ನೆಪವನ್ನೂ ಹೇಳದೆ ಹಾನಿಯನ್ನು ಹೊರಬೇಕೆಂದು ಮುಖ್ಯ ನ್ಯಾಯಮೂರ್ತಿ ಭಗವತಿಯವರ ನ್ಯಾಯಪೀಠವು ಮರುವರ್ಷ ವಿಧಿಸಿತು. 1987ರಲ್ಲಿ, 1948ರ ಕಾರ್ಖಾನೆಗಳ ಶಾಸನಕ್ಕೆ ಹೊಸ ಕಲಮುಗಳು ಸೇರಿದವು. ಅಪಾಯಗಳ ವಿವರವನ್ನೂ ಪರಿಹಾರದ ಕ್ರಮವನ್ನೂ ಕೆಲಸಗಾರರಿಗೆ, ಅಧಿಕಾರಿಗಳಿಗೆ ಮಾತ್ರವಲ್ಲದೆ ನೆರೆಯ ಜನಸಾಮಾನ್ಯರಿಗೂ ತಿಳಿಸತಕ್ಕದ್ದೆಂದು ಅವು ಹೇಳಿದವು. ನನ್ನ ಎಣಿಕೆಯಲ್ಲಿ ಎರಡನೆಯದೇ ಹೆಚ್ಚಿನದು. ಪರಿಹಾರದ ಹಣವು ಸತ್ತವನ ಮನೆಗೆ ಬರುತ್ತದೆ. ತಿಳಿವಳಿಕೆಯು ಬದುಕಿರುವವನ ಬಳಿಗೆ ಬರುತ್ತದೆ.

ವ್ಯಾಪಾರದ ಗುಟ್ಟು ಬಯಲಾಗುವುದೆಂದು ಕಾರ್ಖಾನೆಯವರು ಹೇಳಬಹುದು. ಆ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಔಷಧಿಯನ್ನಾಗಲಿ ಬಣ್ಣವನ್ನಾಗಲಿ ತಯಾರಿಸುವ ವಿಧಾನವನ್ನು ನೆರೆಯವನು ಕೇಳುವಂತಿಲ್ಲ. ಅವನು ಕೇಳುವುದು ಅದಲ್ಲ. ಬೇಲಿಯ ಎತ್ತರವನ್ನೂ ತಂತಿಯ ಎಳೆಗಳನ್ನೂ ಅಂಗುಲದ ಲೆಕ್ಕದಲ್ಲಿ ವಿಧಿಸಬಲ್ಲ ಪುರಸಭೆಯು, ಅದೇ ಬೇಲಿಯ ಮೇಲೆ, ನೆರೆಯವರು ಓದಬಲ್ಲ ಭಾಷೆಯಲ್ಲಿ, ಒಳಗಿರುವ ವಿಷದ ಹೆಸರನ್ನೂ ಅದು ಸೋರಿದಾಗ ಮಾಡಬೇಕಾದುದನ್ನೂ ಬರೆಸಿ ಹಾಕಬೇಕೆಂದು ವಿಧಿಸಲಾರದೇ? ಭೋಪಾಲದ ಆಸ್ಪತ್ರೆಗಳಲ್ಲಿ ಆ ರಾತ್ರಿ ವೈದ್ಯರಿಗೂ ಅದು ಯಾವ ಅನಿಲವೆಂದು ಸ್ಪಷ್ಟವಾಗಿ ತಿಳಿದಿರಲಿಲ್ಲ. ಕೇರಿಯವರು ಮಕ್ಕಳನ್ನೆತ್ತಿಕೊಂಡು ಓಡಿದರು. ಓಡಿದಷ್ಟೂ ಉಸಿರು ಹೆಚ್ಚುತ್ತದೆ, ಉಸಿರಿನೊಡನೆ ವಿಷವೂ ಹೆಚ್ಚುತ್ತದೆ. ಮುಖಕ್ಕೆ ಒದ್ದೆಬಟ್ಟೆಯನ್ನು ಹಿಡಿದುಕೊಳ್ಳಿರೆಂಬ ನಾಲ್ಕು ಮಾತು ಆ ಗೋಡೆಯ ಮೇಲೆ ಇರಲಿಲ್ಲ.