ದೋಷ ಯಾರದು?

ಕನ್ನಡದಲ್ಲಿ ‘ದೋಷ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ವಸ್ತುವಿನಲ್ಲಿರುವ ಕೊರತೆಯೂ ದೋಷವೇ, ಮನುಷ್ಯನು ಎಸಗಿದ ತಪ್ಪೂ ದೋಷವೇ. ಹುಟ್ಟಿನಿಂದಲೇ ಬಂದ ಕೊರತೆಯನ್ನು ‘ಹೃದಯದೋಷ’ವೆಂದು ಕರೆದೊಡನೆ ಎರಡನೆಯ ಅರ್ಥವು ಸದ್ದಿಲ್ಲದೆ ನಮ್ಮ ಮನಸ್ಸನ್ನು ಪ್ರವೇಶಿಸುತ್ತದೆ. ದೋಷ ಯಾರದು? ತಾಯಿಯದೋ, ವಂಶದ್ದೋ, ಗ್ರಹಣಕಾಲದಲ್ಲಿ ಹೊರಗೆ ಬಂದುದರ ಫಲವೋ? ಹೀಗೆ ವಿಚಾರಣೆ ಆರಂಭವಾಗುತ್ತದೆ. ತೀರ್ಪು ನೀಡುವ ಮೊದಲು ಹೃದಯದ ಆ ಗೋಡೆ ಹೇಗೆ ರೂಪುಗೊಳ್ಳುತ್ತದೆಂಬುದನ್ನು ತಿಳಿಯುವುದು ಲೇಸು.

ಹೃದಯದ ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳು ಮೊದಲು ಒಂದೇ ಆಗಿರುತ್ತವೆ. ಭ್ರೂಣದ ನಾಲ್ಕನೆಯ ವಾರದ ಕೊನೆಗೆ ಆ ಕೋಣೆಯ ಮೇಲ್ಭಾಗದಿಂದ ತೆಳುವಾದ ಪರದೆಯೊಂದು ಕೆಳಮುಖವಾಗಿ ಬೆಳೆಯತೊಡಗುತ್ತದೆ. ಅದು ಕೆಳಗೆ ಪೂರ್ತಿಯಾಗಿ ಕೂಡಿಕೊಳ್ಳುವ ಮುನ್ನವೇ ಅದರ ಮೇಲ್ಭಾಗದಲ್ಲಿ ಸಣ್ಣ ರಂಧ್ರಗಳು ಮೂಡಿ, ಒಂದಾಗಿ ಕಿಂಡಿಯಾಗುತ್ತವೆ. ಅನಂತರ ಅದರ ಬಲಮಗ್ಗುಲಲ್ಲಿ ಎರಡನೆಯ ಗೋಡೆಯೊಂದು ಬೆಳೆದು, ನಡುವೆ ಅಂಡಾಕಾರದ ತೆರಪನ್ನು ಉಳಿಸುತ್ತದೆ. ಮೊದಲಿನ ಪರದೆಯು ಆ ತೆರಪಿಗೆ ಎಡಗಡೆಯಿಂದ ಕದವಾಗುತ್ತದೆ.

ಈ ತೆರಪು ಕೊರತೆಯಲ್ಲ, ಜೀವಾಧಾರ. ಗರ್ಭದಲ್ಲಿ ಶ್ವಾಸಕೋಶಗಳು ಇನ್ನೂ ಉಸಿರಾಡುವುದಿಲ್ಲವಾದ್ದರಿಂದ, ತಾಯಿಯ ಕಡೆಯಿಂದ ಬಂದ ಆಮ್ಲಜನಕಯುಕ್ತ ರಕ್ತದ ಬಹುಭಾಗವು ಈ ಬಾಗಿಲಿನ ಮೂಲಕವೇ ಬಲದಿಂದ ಎಡಕ್ಕೆ ಸಾಗಬೇಕು. ಮಗು ಹುಟ್ಟಿ ಉಸಿರೆಳೆದೊಡನೆ ಎಡಗೋಣೆಯ ಒತ್ತಡವೇರಿ ಕದ ಮುಚ್ಚುತ್ತದೆ. ಕ್ರಮೇಣ ಅದು ಗೋಡೆಗೆ ಬೆಸೆದುಕೊಳ್ಳುತ್ತದೆ. ಆದರೆ ವಯಸ್ಕರಲ್ಲಿ ಸುಮಾರು ನಾಲ್ವರಿಗೊಬ್ಬರಲ್ಲಿ ಈ ಬೆಸುಗೆ ಪೂರ್ಣವಾಗಿರುವುದಿಲ್ಲ. ಅವರಲ್ಲಿ ಬಹುಮಂದಿ ಅದನ್ನರಿಯದೆಯೇ ಸುಖವಾಗಿ ಬಾಳುತ್ತಾರೆ. ಪರರ ಹೃದಯದ ಕೊರತೆಯನ್ನು ಎಣಿಸುವವರು ಈ ಲೆಕ್ಕವನ್ನು ನೆನೆಯಬೇಕು.

ಪರದೆಯೇ ಸಾಲದೆ ಹೋದಲ್ಲಿ ನಿಜವಾದ ರಂಧ್ರ ಉಳಿಯುತ್ತದೆ. ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಸುಮಾರು ಇಮ್ಮಡಿ. ಎಡದಿಂದ ಬಲಕ್ಕೆ ಹೆಚ್ಚುವರಿ ರಕ್ತ ಹರಿದು ಬಲಭಾಗ ಹಿಗ್ಗುತ್ತದೆ. ಬಾಲ್ಯ ನಿರಾತಂಕವಾಗಿ ಕಳೆದು, ಮೂವತ್ತು ನಲವತ್ತರ ವಯಸ್ಸಿನಲ್ಲಿ ಏದುಸಿರು, ಆಯಾಸ, ಎದೆಬಡಿತದ ಏರುಪೇರು ಕಾಣಿಸಿಕೊಳ್ಳುವುದುಂಟು. ಹೆಚ್ಚಿನವರಲ್ಲಿ ಇಂಥದೇ ಕಾರಣವೆಂದು ಬೊಟ್ಟುಮಾಡಲು ಬರುವುದಿಲ್ಲ. ಗೋಡೆ ರೂಪುಗೊಳ್ಳುವ ವಾರಗಳಲ್ಲಿ ಎಷ್ಟೋ ತಾಯಂದಿರಿಗೆ ತಾವು ಗರ್ಭವತಿಯರೆಂಬುದೂ ಆಗಷ್ಟೇ ತಿಳಿದಿರುತ್ತದೆ. ಅವರನ್ನು ಅಪರಾಧಿಗಳಾಗಿಸುವುದು ಅಜ್ಞಾನವಷ್ಟೇ ಅಲ್ಲ, ಹಿಂಸೆಯೂ ಹೌದು.

ಹಾಗಾದರೆ ಇಲ್ಲಿ ತಪ್ಪಿಗೆ ಎಡೆಯೇ ಇಲ್ಲವೇ? ಇದೆ. ಅದು ಮರೆಮಾಚುವಿಕೆಯಲ್ಲಿದೆ. ‘ಸಂಬಂಧ ತಪ್ಪೀತು’ ಎಂಬ ಭಯದಿಂದ ತಪಾಸಣೆಯ ವರದಿಯನ್ನು ಬೀರುವಿನಲ್ಲಿ ಮುಚ್ಚಿಡುವ ಮನೆಗಳುಂಟು. ಕೆಲವೆಡೆ ಆ ಮಗಳಿಗೇ ವಿಷಯ ತಿಳಿಸಿರುವುದಿಲ್ಲ. ಸಾಮಾನ್ಯ ರಂಧ್ರವಿದ್ದವರಲ್ಲಿ ಬಹುಮಂದಿ ಬಸಿರು ಬಾಣಂತನಗಳನ್ನು ಕ್ಷೇಮವಾಗಿ ದಾಟುತ್ತಾರೆ. ಆದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವು ತೀರ ಏರಿದ್ದರೆ ಗರ್ಭಧಾರಣೆಯೇ ಪ್ರಾಣಾಂತಿಕವಾಗಬಲ್ಲದು. ಬೀಗರಿಂದ ಮುಚ್ಚಿಟ್ಟದ್ದು ಕೊನೆಗೆ ವೈದ್ಯರಿಂದಲೂ ಮುಚ್ಚಿಹೋಗುತ್ತದೆ.

ಕಾಲವೂ ಕಾಯುವುದಿಲ್ಲ. 1953ರಲ್ಲಿ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಅವರು ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ 18 ವರ್ಷದ ಯುವತಿಯೊಬ್ಬಳ ಇಂಥದೇ ರಂಧ್ರವನ್ನು ಮುಚ್ಚಿದರು. ಇಂದು ಅನೇಕರಿಗೆ ಎದೆ ತೆರೆಯದೆ, ತೊಡೆಸಂದಿಯ ರಕ್ತನಾಳದ ಮೂಲಕ ಕೊಳವೆ ತೂರಿಸಿ ರಂಧ್ರ ಮುಚ್ಚುವ ಚಿಕಿತ್ಸೆಯಿದೆ. ಆದರೆ ವರ್ಷಾನುಗಟ್ಟಲೆ ಅಲಕ್ಷಿಸಿ ಶ್ವಾಸಕೋಶದ ನಾಳಗಳು ಗಡುಸಾದ ಮೇಲೆ ಮುಚ್ಚುವುದೇ ಅಪಾಯವಾಗಬಹುದು.

‘ಸತ್ಯ ಹೇಳಿದರೆ ಮದುವೆ ನಿಲ್ಲುತ್ತದಲ್ಲ’ ಎಂಬ ಪೋಷಕರ ಅಳಲನ್ನು ತಳ್ಳಿಹಾಕಲಾಗದು. ಹೇಳುವವನ ಸತ್ಯಕ್ಕೆ ಕೇಳುವವನ ವಿವೇಕವೂ ಬೇಕು. ಚಿಕಿತ್ಸೆಯಾಗಿ ಆರೋಗ್ಯದಿಂದಿರುವ ಕನ್ಯೆಯನ್ನು ಹಳೆಯ ವರದಿಯೊಂದರಿಂದ ನಿರಾಕರಿಸುವ ಮನೆತನವು ಮುಂದಿನ ಮನೆಯವರಿಗೆ ಸುಳ್ಳನ್ನು ಕಲಿಸುತ್ತದೆ. ಆ ಸುಳ್ಳಿನಲ್ಲಿ ಇವರಿಗೂ ಪಾಲಿದೆ.

ಆದುದರಿಂದ ಮೊದಲು ತಿಳಿಯಬೇಕಾದವಳು ಆಕೆಯೇ, ಬಳಿಕ ಆಕೆಯ ಬಾಳನ್ನು ಹಂಚಿಕೊಳ್ಳುವವನು ಮತ್ತು ಚಿಕಿತ್ಸೆ ನೀಡುವ ವೈದ್ಯರು. ಊರಿಗೆಲ್ಲ ಸಾರುವ ಅಗತ್ಯವಿಲ್ಲ. ಗರ್ಭದಲ್ಲಿ ಗೋಡೆ ಅಪೂರ್ಣವಾಗಿ ಉಳಿದುದು ಯಾರ ತಪ್ಪೂ ಅಲ್ಲ. ತಿಳಿದ ಮೇಲೆ ನಾವು ಎತ್ತುವ ಮೌನದ ಗೋಡೆಗೆ ಮಾತ್ರ ನಾವೇ ಹೊಣೆ.